ಒದ್ದೆಯಾದ ಕಂಪ್ಯೂಟರ್ ಭಾಗಗಳ ಪರೀಕ್ಷೆ: ಸ್ವಿಚ್ಚಿಗಿಂತ ಮೊದಲು ಮೀಟರ್

ನೀರು ಬಿದ್ದ ಮದರ್‌ಬೋರ್ಡ್ ಬದುಕಿದೆಯೇ ಎಂದು ನೋಡಲು ಹೆಚ್ಚಿನವರು ಮಾಡುವುದು ಒಂದೇ: ಇನ್ನೊಂದು ಕಂಪ್ಯೂಟರಿನಿಂದ ಒಳ್ಳೆಯ ಪ್ರೊಸೆಸರ್, ಒಳ್ಳೆಯ ರ‍್ಯಾಮ್ ಬಿಚ್ಚಿ ತಂದು ಹಾಕಿ ಪವರ್ ಬಟನ್ ಒತ್ತುವುದು. ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟು ಕೊಡುವ ಒಂದೇ ಒಂದು ಮಾಸ್‌ಫೆಟ್ (ಕರೆಂಟನ್ನು ಬಿಟ್ಟು ತಡೆಯುವ ಸಣ್ಣ ಸ್ವಿಚ್ಚಿನಂಥ ಭಾಗ) ಶಾರ್ಟ್ ಆಗಿದ್ದರೂ ಸಾಕು, 1.2 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ನುಗ್ಗಿ ತಂದು ಹಾಕಿದ ಪ್ರೊಸೆಸರೂ ಹೋಗುತ್ತದೆ. ಕೆಟ್ಟದ್ದು ಒಂದಿತ್ತು, ಈಗ ಎರಡಾಯಿತು. ದ್ರವ ಬಿದ್ದ ಯಂತ್ರಗಳಲ್ಲಿ ದೊಡ್ಡ ನಷ್ಟ ಆಗುವುದು ಬಹಳ ಸಲ ದ್ರವ ಬಿದ್ದ ಹೊತ್ತಿನಲ್ಲಲ್ಲ, ಆಮೇಲೆ ಅವಸರದಿಂದ ‘ನೋಡೋಣ’ ಎಂದು ಹಾಕಿದ ಹೊತ್ತಿನಲ್ಲಿ.

ಹಾಗಾಗಿ ಪರೀಕ್ಷೆಗೆ ಇಳಿಯುವ ಮೊದಲು ಹಾನಿ ಯಾವ ಕಡೆಯಿಂದ ಯಾವ ಕಡೆಗೆ ದಾಟುತ್ತದೆ ಎನ್ನುವುದು ತಲೆಯಲ್ಲಿರಬೇಕು. ಪವರ್ ಸಪ್ಲೈ ಕೆಟ್ಟಿದ್ದರೆ ಅದಕ್ಕೆ ಜೋಡಿಸಿದ ಯಾವುದನ್ನು ಬೇಕಾದರೂ ಸುಡಬಲ್ಲದು. ಮದರ್‌ಬೋರ್ಡ್ ಕೆಟ್ಟಿದ್ದರೆ ಪ್ರೊಸೆಸರ್, ರ‍್ಯಾಮ್ ಮತ್ತು ಯುಎಸ್‌ಬಿಗೆ ಚುಚ್ಚಿದ ವಸ್ತುಗಳನ್ನು ಸುಡಬಲ್ಲದು. ಗ್ರಾಫಿಕ್ಸ್ ಕಾರ್ಡ್ ಶಾರ್ಟ್ ಆಗಿದ್ದರೆ ಒಳ್ಳೆಯ ಪವರ್ ಸಪ್ಲೈ ಸಾಮಾನ್ಯವಾಗಿ ತಾನೇ ಆರಿಹೋಗಿ ರಕ್ಷಿಸುತ್ತದೆ, ಆದರೂ ಸ್ಲಾಟಿನ ಸಂಪರ್ಕಗಳು ಕರಕಲಾದ ಉದಾಹರಣೆಗಳಿವೆ. ಪ್ರೊಸೆಸರ್ ಕೆಟ್ಟು ಬೋರ್ಡನ್ನು ಕೊಲ್ಲುವುದು ಅಪರೂಪ. ಇದರಿಂದ ಬರುವ ಕ್ರಮ ಸರಳ. ಅನುಮಾನದ ಪವರ್ ಸಪ್ಲೈಗೆ ಒಳ್ಳೆಯದೇನನ್ನೂ ಜೋಡಿಸಬೇಡಿ. ಅನುಮಾನದ ಬೋರ್ಡಿಗೆ ಒಳ್ಳೆಯ ಪವರ್ ಸಪ್ಲೈ ಕೊಡಿ, ಪ್ರೊಸೆಸರ್ ಕೊಡಬೇಡಿ. ಅನುಮಾನದ ರ‍್ಯಾಮ್, ಪ್ರೊಸೆಸರ್, ಕಾರ್ಡುಗಳನ್ನು ಹೋದರೂ ಬೇಸರವಾಗದ ಹಳೆಯ ಬೋರ್ಡಿನಲ್ಲಿ ನೋಡಿ.

ಮೊದಲ ಹತ್ತು ನಿಮಿಷ

ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಎಳೆಯಿರಿ. ಕಂಪ್ಯೂಟರನ್ನು ಮೆನುವಿನಿಂದ ಶಟ್‌ಡೌನ್ ಮಾಡುತ್ತ ಕೂರುವ ಸಮಯವಲ್ಲ ಇದು. ನೆಲ ಅಥವಾ ಮೇಜು ಒದ್ದೆಯಾಗಿದ್ದರೆ ಮೊದಲು ಆ ಸಾಲಿನ ಬ್ರೇಕರ್ ಇಳಿಸಿ, ಆಮೇಲೆ ಪ್ಲಗ್ ಮುಟ್ಟಿ.

ಪ್ಲಗ್ ತೆಗೆದ ಮೇಲೆ ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಣಗಿದ ಯಂತ್ರಕ್ಕೆ ಅದು ಸರಿ, ಒದ್ದೆ ಯಂತ್ರಕ್ಕೆ ನಾನು ಒಪ್ಪುವುದಿಲ್ಲ. ಬಟನ್ ಒತ್ತಿದಾಗ ಫ್ಯಾನ್ ಅರ್ಧ ಸುತ್ತು ತಿರುಗುವುದನ್ನು ನೋಡಿರುತ್ತೀರಿ. ಅಂದರೆ ಆ ಕ್ಷಣ ಒದ್ದೆ ಬೋರ್ಡಿನ ಮೇಲೆ 12 ವೋಲ್ಟ್ ಹರಿಯಿತು ಎಂದೇ ಅರ್ಥ. ಸುಮ್ಮನೆ ಬಿಟ್ಟರೆ ಸ್ಟ್ಯಾಂಡ್‌ಬೈ ದೀಪ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಆರುತ್ತದೆ, ಐದು ನಿಮಿಷ ಕಾದರೆ ಆಯಿತು.

ಇದಾದ ಕೂಡಲೇ ಮಾಡಬೇಕಾದ, ಬಹಳ ಜನ ಮರೆಯುವ ಕೆಲಸ ಬೋರ್ಡಿನ ಬಟನ್ ಸೆಲ್ ತೆಗೆಯುವುದು. ಸಿಆರ್2032 ಕೊಡುವುದು ಬರೀ 3 ವೋಲ್ಟ್, ನಿಜ. ಆದರೆ ಪ್ಲಗ್ ಕಿತ್ತರೂ ಅದು ಗಡಿಯಾರದ ಸರ್ಕ್ಯೂಟಿಗೆ ವೋಲ್ಟೇಜ್ ಕೊಡುತ್ತಲೇ ಇರುತ್ತದೆ. ಒದ್ದೆ ತಾಮ್ರದ ಮೇಲೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಇದ್ದರೆ ಪಾಸಿಟಿವ್ ಕಡೆಯ ತಾಮ್ರ ಕರಗಿ ನೆಗೆಟಿವ್ ಕಡೆಗೆ ಸಾಗುತ್ತದೆ, ಅಲ್ಲಿ ಬೇರಿನ ಹಾಗೆ ಕವಲೊಡೆದ ಸಣ್ಣ ಎಳೆಗಳಾಗಿ ಕೂರುತ್ತದೆ. ಆ ಎಳೆ ಇನ್ನೊಂದು ಪಿನ್ನಿಗೆ ತಾಗಿದ ದಿನ ಶಾರ್ಟ್. ‘ಎರಡು ದಿನ ಒಣಗಲು ಬಿಟ್ಟಿದ್ದೆ, ಆದರೂ ಗಡಿಯಾರದ ಚಿಪ್ಪಿನ ಸುತ್ತ ಹಸಿರು ಬಂದಿದೆ’ ಎನ್ನುವವರ ಬೋರ್ಡಿನಲ್ಲಿ ಸೆಲ್ ಇನ್ನೂ ಕೂತೇ ಇರುತ್ತದೆ.

ಆಮೇಲೆ ಎಲ್ಲವನ್ನೂ ಬಿಚ್ಚಿ: ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಂ.2 ಡ್ರೈವ್, ಕೂಲರ್, ಪ್ರೊಸೆಸರ್. ಮಾಸ್‌ಫೆಟ್‌ಗಳ ಮೇಲಿನ ಹೀಟ್‌ಸಿಂಕುಗಳನ್ನೂ ತೆಗೆಯಲೇಬೇಕು. ಅವುಗಳ ಕೆಳಗಿನ ಥರ್ಮಲ್ ಪ್ಯಾಡ್ ದ್ರವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಬಿಚ್ಚುವ ಮೊದಲು ದ್ರವ ಎಲ್ಲೆಲ್ಲಿ ಹರಿದಿದೆ ಎಂದು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಣಗಿದ ಮೇಲೆ ಕಲೆ ಕಾಣುವುದಿಲ್ಲ, ಎಲ್ಲಿ ಅಳೆಯಬೇಕೆಂದು ಹೇಳುವುದು ಆ ಫೋಟೋಗಳೇ.

ಏನು ಬಿತ್ತು ಎಂಬುದರ ಮೇಲೆ

ಬರೀ ನೀರಾಗಿದ್ದರೆ ಅದೃಷ್ಟ. ಸಕ್ಕರೆ ಹಾಕಿದ ಕಾಫಿ, ಟೀ, ಹಣ್ಣಿನ ರಸ ನೀರು ಆರಿದ ಮೇಲೂ ಅಂಟಾಗಿ ಉಳಿಯುತ್ತವೆ. ಆ ಅಂಟು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಕರೆಂಟು ಹರಿಸತೊಡಗುತ್ತದೆ. ಕೋಲಾಗಳಲ್ಲಿ ಸಕ್ಕರೆಯ ಜೊತೆ ಫಾಸ್ಫಾರಿಕ್ ಆಮ್ಲವೂ ಇದೆ. ಹಾಲಿನಲ್ಲಿ ಕೊಬ್ಬು, ಪ್ರೋಟೀನು. ಉಪ್ಪುನೀರು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಲಿಕ್ವಿಡ್ ಕೂಲರ್ ಸೋರಿ ಬೀಳುವ ದ್ರವ ಸಾಮಾನ್ಯವಾಗಿ ನೀರು ಮತ್ತು ಗ್ಲೈಕಾಲ್ ಮಿಶ್ರಣ, ಜೊತೆಗೆ ತುಕ್ಕು ತಡೆಯುವ ಲವಣಗಳು. ‘ನಾನ್‌-ಕಂಡಕ್ಟಿವ್’ ಎಂದು ಬಾಟಲಿಯ ಮೇಲೆ ಬರೆದಿದ್ದರೂ ಲೂಪಿನಲ್ಲಿ ಒಂದೆರಡು ತಿಂಗಳು ತಿರುಗಿದ ಮೇಲೆ ಆ ಮಾತನ್ನು ನಂಬಬೇಡಿ, ಲೋಹದ ಅಯಾನುಗಳು ಸೇರಿ ಅದು ಕರೆಂಟು ಹರಿಸುತ್ತದೆ. ಗ್ಲೈಕಾಲ್ ಸುಲಭಕ್ಕೆ ಆವಿಯಾಗುವುದೂ ಇಲ್ಲ. ಎಷ್ಟು ದಿನ ಇಟ್ಟರೂ ಜಿಡ್ಡಿನ ಪದರ ಹಾಗೇ ಇರುತ್ತದೆ, ತೊಳೆಯದೆ ದಾರಿಯಿಲ್ಲ.

ಅಕ್ಕಿಯಲ್ಲಿ ಹೂತಿಡುವ ವಿಚಾರ ಇಷ್ಟೇ: ಚಿಪ್ಪಿನ ಕೆಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ, ತನ್ನ ಪುಡಿಯನ್ನು ಮಾತ್ರ ಸ್ಲಾಟುಗಳಿಗೆ ತುಂಬುತ್ತದೆ.

ತೊಳೆಯುವುದು

ನೀರು ಬಿದ್ದ ಬೋರ್ಡಿಗೆ ಮತ್ತೆ ನೀರು ಹಾಕಬೇಕು ಎಂದರೆ ಜನ ಹಿಂಜರಿಯುತ್ತಾರೆ. ಆದರೆ ಸಕ್ಕರೆಯೂ ಉಪ್ಪೂ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ (ಐಪಿಎ) ಹೆಚ್ಚುಕಡಿಮೆ ಕರಗುವುದೇ ಇಲ್ಲ. ಬರೀ ಆಲ್ಕೋಹಾಲಿನಿಂದ ಉಜ್ಜಿದರೆ ಸಕ್ಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತದೆ, ಅಷ್ಟೇ. ಆದ್ದರಿಂದ ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ನಲ್ಲಿ ನೀರು, ಕುಡಿಯುವ ಮಿನರಲ್ ನೀರು ಬೇಡ, ಅವುಗಳಲ್ಲೂ ಲವಣ ಇರುತ್ತದೆ.

ಒಂದು ಮದರ್‌ಬೋರ್ಡಿಗೆ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, 250ರಿಂದ 500 ಮಿಲಿ ಐಪಿಎ ಸಾಕು. ಐಪಿಎ 99 ಶೇಕಡಾದ್ದಾಗಿರಲಿ. ಗಾಯಕ್ಕೆ ಹಚ್ಚುವ 70 ಶೇಕಡಾದ್ದರಲ್ಲಿ ಉಳಿದ 30 ನೀರು, ಇಲ್ಲಿ ನೀರನ್ನು ಓಡಿಸುವುದೇ ನಮ್ಮ ಕೆಲಸ. ಮೃದುವಾದ ಟೂತ್‌ಬ್ರಷ್ ತೆಗೆದುಕೊಂಡು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಕಲೆ ಇರುವ ಕಡೆ ಒಂದೇ ದಿಕ್ಕಿಗೆ ಉಜ್ಜಿ, ಬೋರ್ಡನ್ನು ಓರೆ ಹಿಡಿದು ಸಿರಿಂಜಿನಿಂದ ನೀರು ಹರಿಸಿ. ಮೂರು ಸಲ. ಆಮೇಲೆ ಐಪಿಎಯಿಂದ ಎರಡು ಸಲ, ಅದೇ ರೀತಿ. ಐಪಿಎ ನೀರಿನೊಡನೆ ಬೆರೆತು ಅದನ್ನು ಹೊರಗೆ ತರುತ್ತದೆ, ತಾನು ಬೇಗ ಆರುತ್ತದೆ. ಸ್ಲಾಟುಗಳ ಒಳಗೂ ಸಿರಿಂಜಿನಿಂದ ಹರಿಸಿ, ಕೆಳಗೆ ಬಿಳಿ ಕಾಗದ ಹಾಸಿ. ಇಳಿಯುವ ಹನಿ ಬಣ್ಣವಿಲ್ಲದೆ ಬೀಳುವವರೆಗೆ ಮುಗಿಯಿತು ಎನ್ನಬೇಡಿ.

ಪ್ರೊಸೆಸರ್ ಸಾಕೆಟ್ ವಿಚಾರ ಬೇರೆ. ಪಿನ್ನುಗಳು ಬೋರ್ಡಿನಲ್ಲೇ ಇರುವ ಎಲ್‌ಜಿಎ ಸಾಕೆಟ್ಟಿಗೆ ಬ್ರಷ್ ಕೂಡದು, ಹತ್ತಿ ಸುತ್ತಿದ ಕಡ್ಡಿಯಂತೂ ಖಂಡಿತ ಕೂಡದು. ಹತ್ತಿಯ ಒಂದು ಎಳೆ ಸಿಕ್ಕಿಕೊಂಡು ಎಳೆದರೆ ಹತ್ತು ಪಿನ್ ಬಾಗುತ್ತವೆ. ಡ್ರಾಪರಿನಿಂದ ಐಪಿಎ ಹನಿಸಿ, ಬೋರ್ಡನ್ನು ಲಂಬವಾಗಿ ನಿಲ್ಲಿಸಿ, ಇಳಿದುಹೋಗಲಿ. ಹೀಗೆ ನಾಲ್ಕೈದು ಸಲ.

ಹಸಿರು ಕಿಲುಬು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅದನ್ನು ಒರಟಾಗಿ ಕೆರೆಯಬೇಡಿ. ಕಿಲುಬಿನ ಕೆಳಗೆ ತಾಮ್ರದ ಗೆರೆ ಕೂದಲಿನಷ್ಟು ತೆಳ್ಳಗಾಗಿರುತ್ತದೆ, ಕೆರೆದರೆ ಅದೂ ಬರುತ್ತದೆ. ಬ್ರಷ್ಷಿಗೆ ಬಾರದ, ದೊಡ್ಡ ಚಿಪ್ಪುಗಳ ಹೊಟ್ಟೆಯ ಕೆಳಗೆ ನುಗ್ಗಿದ ಕೊಳೆಗೆ ಅಲ್ಟ್ರಾಸಾನಿಕ್ ತೊಟ್ಟಿಯೇ ಬೇಕು, ಆ ಕೆಲಸ ಮಾಡುವ ರಿಪೇರಿಯವರಿಗೆ ಕೊಡಿ.

ಐಪಿಎ ಬಗ್ಗೆ ಒಂದು ಎಚ್ಚರಿಕೆ. ಅದರ ಆವಿ 12 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಂಪಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ಮೇಜಿನ ಕೆಳಗೆ ತಂಗುತ್ತದೆ. ಕಿಟಕಿ ತೆರೆದಿಡಿ. ಒಳಗೆ ಕೆಂಪಗೆ ಕಾಯುವ ತಂತಿಯಿರುವ ಹೇರ್ ಡ್ರೈಯರನ್ನು ಅದರ ಮೇಲೆ ಹಿಡಿಯುವುದು ಎರಡು ಪಟ್ಟು ಮೂರ್ಖತನ: ಒಂದು ಬೆಂಕಿ, ಇನ್ನೊಂದು ಬಿಸಿಗಾಳಿಯ ಒತ್ತಡಕ್ಕೆ ಹನಿಗಳು ಚಿಪ್ಪಿನ ಕೆಳಗೆ ಇನ್ನೂ ಒಳಸೇರುವುದು.

ಒಣಗಿತೆಂದು ತಿಳಿಯುವುದು ಹೇಗೆ

ಬೋರ್ಡನ್ನು ನಿಲ್ಲಿಸಿ, ಸಾಮಾನ್ಯ ಫ್ಯಾನಿನ ಗಾಳಿ ಅಡ್ಡಲಾಗಿ ಹಾಯುವಂತೆ ಇಡಿ. ಐಪಿಎಯಿಂದ ಸರಿಯಾಗಿ ತೊಳೆದಿದ್ದರೆ 24 ಗಂಟೆ, ಇಲ್ಲದಿದ್ದರೆ 48ರಿಂದ 72. ಬಿಸಿ ಮಾಡಲೇಬೇಕೆಂದರೆ ಐಪಿಎ ಪೂರ್ತಿ ಆವಿಯಾದ ಮೇಲೆ, 50 ಡಿಗ್ರಿ ದಾಟದಂತೆ. ಪ್ರೊಸೆಸರಿನ ಲೋಹದ ಮುಚ್ಚಳದ ಅಂಚಿನಲ್ಲಿ ಗಾಳಿ ಹೋಗಲು ಸಣ್ಣ ಸಂದು ಬಿಟ್ಟಿರುತ್ತಾರೆ, ದ್ರವ ಅಲ್ಲಿಂದಲೂ ಒಳಗೆ ಹೋಗಬಹುದು. ಅದಕ್ಕೆ ಬೋರ್ಡಿಗಿಂತ ಒಂದು ದಿನ ಹೆಚ್ಚು ಕೊಡಿ.

ಗಂಟೆಗಳ ಲೆಕ್ಕ ಅಂದಾಜು ಮಾತ್ರ. ನನಗೆ ಹೆಚ್ಚು ನಂಬಿಕೆ ಮೀಟರಿನ ಮೇಲೆ. ಮುಂದೆ ಹೇಳುವ ರೆಸಿಸ್ಟೆನ್ಸ್ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು 12 ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ಎರಡು ಸಲವೂ ಹತ್ತಿರಹತ್ತಿರ ಒಂದೇ ಬಂದರೆ ಒಣಗಿದೆ ಎನ್ನಬಹುದು. ಎರಡನೆಯ ಸಲ ಏರಿದ್ದರೆ ಎಲ್ಲೋ ಪಸೆ ಇನ್ನೂ ಇತ್ತು, ಈಗ ಆರುತ್ತಿದೆ, ಇನ್ನೊಂದು ಸುತ್ತು ಕಾಯಿರಿ.

ಪವರ್ ಸಪ್ಲೈ: ಇಲ್ಲಿ ಧೈರ್ಯ ಬೇಡ

ಪವರ್ ಸಪ್ಲೈ ಒಳಗೆ ದ್ರವ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ಅದನ್ನು ಬದಿಗಿಟ್ಟು ಹೊಸದು ತನ್ನಿ. 230 ವೋಲ್ಟ್ ಎಸಿಯನ್ನು ನೇರ ಮಾಡಿದರೆ 325 ವೋಲ್ಟ್ ಡಿಸಿ ಆಗುತ್ತದೆ, ಈಗಿನ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟು ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟು) ಇರುವ ಸಪ್ಲೈಗಳಲ್ಲಿ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 380ರಿಂದ 400 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೆ ಅದನ್ನು ಇಳಿಸಲು ರೆಸಿಸ್ಟರ್ ಇರುತ್ತದೆ ನಿಜ, ಆದರೆ ಅದೇ ಕೆಟ್ಟಿದ್ದರೆ? ಬಿಚ್ಚಿ ಬ್ರಷ್ ಹಾಕುವ ವಸ್ತು ಇದಲ್ಲ. ಇನ್ನೂ ಕೆಟ್ಟ ಸಾಧ್ಯತೆ ಏನೆಂದರೆ ಅಂಟು ಕುಳಿತ ಸಪ್ಲೈ ಪರೀಕ್ಷೆಯಲ್ಲಿ ಪಾಸಾಗಿ, ಮೂರು ವಾರದ ನಂತರ ಒಂದು ಮಳೆಗಾಲದ ತೇವಕ್ಕೆ ಉಳಿದೆಲ್ಲವನ್ನೂ ಎಳೆದುಕೊಂಡು ಹೋಗುವುದು.

ಸಪ್ಲೈಗೆ ಏನೂ ತಾಗಿಲ್ಲ, ಖಚಿತಪಡಿಸಿಕೊಳ್ಳಬೇಕು ಅಷ್ಟೇ ಎನ್ನುವವರಿಗೆ: ಎಲ್ಲ ಕೇಬಲ್ ಬಿಡಿಸಿ, ಪ್ಲಗ್ ಹಾಕದೆ, 24 ಪಿನ್ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪಿಗೆ ಸಣ್ಣ ತಂತಿಯಿಂದ ಜೋಡಿಸಿ. ಎಲ್ಲ ತಂತಿಗಳೂ ಕಪ್ಪಾಗಿದ್ದರೆ 16ನೆಯ ಪಿನ್ ಮತ್ತು 17ನೆಯ ಪಿನ್. ಲೋಡಿಗೆ ಒಂದು ಹಳೆಯ ಕೇಸ್ ಫ್ಯಾನ್ ಹಾಕಿ. ಈಗ ಪ್ಲಗ್ ಹಾಕಿ ಅಳೆಯಿರಿ. ಹಳದಿ 11.40ರಿಂದ 12.60, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46 ವೋಲ್ಟ್ ಒಳಗಿರಬೇಕು. ನೇರಳೆ ತಂತಿ ಸ್ಟ್ಯಾಂಡ್‌ಬೈ 5 ವೋಲ್ಟ್ (ಕಂಪ್ಯೂಟರ್ ಆರಿದ್ದಾಗಲೂ ಬರುವುದು), ಬೂದು ತಂತಿ ‘ಪವರ್ ಗುಡ್’, ಅಂದರೆ ವೋಲ್ಟೇಜ್ ಸರಿಯಿದೆ ಎಂಬ ಸೂಚನೆ, ಅದೂ 5ರ ಹತ್ತಿರ ಬರಬೇಕು. ಇಷ್ಟು ಸರಿ ಬಂದರೆ ಸಪ್ಲೈ ಸತ್ತಿಲ್ಲ ಎಂದಷ್ಟೇ ತಿಳಿಯಿತು. ಭಾರ ಹೊತ್ತಾಗ ಹೇಗಿರುತ್ತದೆ ಎನ್ನುವುದು ಈ ಪರೀಕ್ಷೆಯಿಂದ ಗೊತ್ತಾಗದು.

ಕರೆಂಟು ಕೊಡದೆ ಮಾಡುವ ಅಳತೆ

ಇಡೀ ಕೆಲಸದ ಹೃದಯ ಇದು. ಬೇಕಾದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಳ್ಳೆ ಬೆಳಕು, ಹತ್ತು ಪಟ್ಟಿನ ಭೂತಗನ್ನಡಿ.

ಮೊದಲು ಕಣ್ಣು. ಟಾರ್ಚನ್ನು ಓರೆಯಾಗಿ ಹಿಡಿದು ಬಯೋಸ್ (ಕಂಪ್ಯೂಟರ್ ಶುರುಮಾಡುವ ಪ್ರೋಗ್ರಾಮ್) ಚಿಪ್ಪಿನ ಎಂಟು ಕಾಲುಗಳು, ಆಡಿಯೋ ಚಿಪ್, ಬಟನ್ ಸೆಲ್ಲಿನ ಸುತ್ತ, ಗ್ರಾಫಿಕ್ಸ್ ಸ್ಲಾಟಿನ ಬುಡ, ಸಾಕೆಟ್ ಪಕ್ಕದ ಮಾಸ್‌ಫೆಟ್‌ಗಳು, ಇವನ್ನು ನೋಡಿ. ದ್ರವ ಕೆಳಗೆ ಹರಿದು ಬೋರ್ಡಿನ ಹಿಂಬದಿಗೂ ಹೋಗಿರುತ್ತದೆ, ತಿರುಗಿಸಿ ನೋಡಿ. ಮೂಲೆ ಕಪ್ಪಾದ ಸಣ್ಣ ಸಿರಾಮಿಕ್ ಕೆಪಾಸಿಟರ್ ಕಂಡರೆ ಶಾರ್ಟ್ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಆಮೇಲೆ ಮೀಟರ್. ಬೀಪ್ ಸದ್ದಿನ ಮೋಡ್ ಇಲ್ಲಿ ದಾರಿ ತಪ್ಪಿಸುತ್ತದೆ. ಬಹಳ ಮೀಟರ್‌ಗಳು 30ರಿಂದ 50 ಓಮ್ ಕೆಳಗಿದ್ದರೆ ಕೂಗುತ್ತವೆ, ಆದರೆ ಬೋರ್ಡಿನ ಕೆಲವು ಸಾಲುಗಳು (ಒಂದೊಂದು ವೋಲ್ಟೇಜ್ ಹರಿಯುವ ದಾರಿಗಳು) ಆರೋಗ್ಯವಾಗಿದ್ದಾಗಲೇ ಅದಕ್ಕಿಂತ ಕೆಳಗಿರುತ್ತವೆ. 200 ಓಮ್ ಸ್ಕೇಲಿನಲ್ಲಿ ಇಡಿ, ಅಳತೆ ಅದನ್ನು ಮೀರಿದರೆ ಮೇಲಿನ ಸ್ಕೇಲಿಗೆ ಹೋಗಿ. ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಬರುವ 0.2 ಅಥವಾ 0.4 ಓಮನ್ನು ಪ್ರತಿ ಅಳತೆಯಿಂದಲೂ ಕಳೆಯಿರಿ. ಕಪ್ಪು ಪ್ರೋಬನ್ನು ಸ್ಕ್ರೂ ಹಾಕುವ ತೂತಿನ ಸುತ್ತಲಿನ ಲೋಹದ ಬಳೆಗೆ ಹಿಡಿಯಿರಿ, ಅದು ಗ್ರೌಂಡ್.

24 ಪಿನ್ ಸಾಕೆಟ್ಟಿನಲ್ಲಿ 12 ವೋಲ್ಟಿನವು 10 ಮತ್ತು 11ನೆಯ ಪಿನ್, 5 ವೋಲ್ಟಿನವು 4, 6, 21, 22, 23, 3.3 ವೋಲ್ಟಿನವು 1, 2, 12, 13, ಸ್ಟ್ಯಾಂಡ್‌ಬೈ 9. ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. 12 ವೋಲ್ಟ್ ಸಾಲು ಸಾಮಾನ್ಯವಾಗಿ ನೂರಾರು ಓಮಿನಿಂದ ಕಿಲೋ ಓಮಿನವರೆಗೆ ತೋರಿಸುತ್ತದೆ. 5 ವೋಲ್ಟ್, ಸ್ಟ್ಯಾಂಡ್‌ಬೈ ಸಾಲುಗಳೂ ನೂರಕ್ಕಿಂತ ಮೇಲಿರುವುದು ವಾಡಿಕೆ. 3.3 ವೋಲ್ಟ್ ಕೆಲವು ಬೋರ್ಡುಗಳಲ್ಲಿ ಹತ್ತಾರು ಓಮಿಗೇ ಇಳಿದಿರುತ್ತದೆ, ಅದಕ್ಕೆ ಗಾಬರಿ ಬೇಡ. ಯಾವುದಾದರೂ 5 ಓಮಿಗಿಂತ ಕೆಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ, ಆ ಬೋರ್ಡಿಗೆ ಕರೆಂಟು ಕೊಡಬೇಡಿ. ಅಳೆಯುವಾಗ ಸಂಖ್ಯೆ ನಿಧಾನಕ್ಕೆ ಮೇಲೇರುತ್ತದೆ, ಅದು ಕೆಪಾಸಿಟರ್ ತುಂಬುತ್ತಿರುವುದು, ನಿಂತ ಮೇಲೆ ಬರೆದುಕೊಳ್ಳಿ.

ಪ್ರೊಸೆಸರ್ ಉಳಿಸುವ ಅಳತೆ ಇನ್ನೊಂದಿದೆ. ಸಾಕೆಟ್ಟಿನ ಸುತ್ತ ಸಾಲಾಗಿ ನಿಂತ ಬೂದು ಬಣ್ಣದ ಚೌಕ ಕಾಯಿಲುಗಳಿವೆಯಲ್ಲ, ಪ್ರೊಸೆಸರಿಗೆ ಹೋಗುವ ವೋಲ್ಟೇಜ್ ಅವುಗಳ ಮೂಲಕವೇ ಹೋಗುತ್ತದೆ. ಪ್ರೊಸೆಸರ್ ತೆಗೆದಿರುವಾಗ, 8 ಪಿನ್ ಪವರ್ ಸಾಕೆಟ್ಟಿನ 12 ವೋಲ್ಟ್ ಪಿನ್ನಿನಿಂದ ಪ್ರತಿ ಕಾಯಿಲಿಗೂ ರೆಸಿಸ್ಟೆನ್ಸ್ ನೋಡಿ. ಗ್ರೌಂಡಿಗಲ್ಲ, 12 ವೋಲ್ಟಿನಿಂದ ಕಾಯಿಲಿಗೆ. ಕಿಲೋ ಓಮಿನ ಲೆಕ್ಕದಲ್ಲಿ ಬಂದರೆ ಕ್ಷೇಮ. ಒಂದೆರಡು ಓಮ್ ಬಂದರೆ 12 ವೋಲ್ಟ್ ಕಡೆಯ ಮಾಸ್‌ಫೆಟ್ ಹೋಗಿದೆ, ಆ ಬೋರ್ಡಿಗೆ ಹಾಕಿದ ಪ್ರೊಸೆಸರ್ ಉಳಿಯುವುದಿಲ್ಲ. ಕಾಯಿಲುಗಳ ಹೊರಬದಿ ಎಲ್ಲ ಒಂದಕ್ಕೊಂದು ಸೇರಿರುವುದರಿಂದ ಒಂದು ಹೋದರೆ ಎಲ್ಲ ಕಡೆಯೂ ಕಡಿಮೆಯೇ ತೋರಿಸುತ್ತದೆ, ಎಲ್ಲ ಮಾಸ್‌ಫೆಟ್ಟೂ ಹೋಯಿತೆಂದು ತಿಳಿಯಬೇಡಿ. ಪ್ರೊಸೆಸರ್ ಹಾಕಿದ್ದಾಗ ಕಾಯಿಲಿನಿಂದ ಗ್ರೌಂಡಿಗೆ ಒಂದೆರಡು ಓಮ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಬರುವುದು ಸಹಜ. ಅದನ್ನು ಶಾರ್ಟ್ ಎಂದು ಬಗೆದು ಒಳ್ಳೆಯ ಬೋರ್ಡನ್ನು ಗುಜರಿಗೆ ಹಾಕಿದವರಿದ್ದಾರೆ.

ಡೇಟಾ ಗೆರೆಗಳಿಗೆ ಡಯೋಡ್ ಮೋಡ್. ಈಗ ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಪ್ರೋಬ್ ಪಿನ್ನಿಗೆ. 0.3ರಿಂದ 0.7 ವೋಲ್ಟ್ ನಡುವೆ ಏನೋ ಒಂದು ಬರುತ್ತದೆ. ಆ ಸಂಖ್ಯೆ ಎಷ್ಟು ಎನ್ನುವುದಕ್ಕಿಂತ ಅದೇ ಜಾತಿಯ ಪಕ್ಕದ ಪಿನ್ನಿನಲ್ಲೂ ಅಷ್ಟೇ ಇದೆಯೇ ಎನ್ನುವುದು ಮುಖ್ಯ. ಯುಎಸ್‌ಬಿಯ ಎರಡು ಡೇಟಾ ಪಿನ್‌ಗಳಲ್ಲಿ ಒಂದು 0.48, ಇನ್ನೊಂದು 0.12 ಅಂದರೆ ಎರಡನೆಯದು ಸತ್ತಿದೆ ಅಥವಾ ಅಲ್ಲಿ ಕೊಳೆ ಉಳಿದಿದೆ.

ಬೋರ್ಡಿಗೆ ಮೊದಲ ಸಲ ಕರೆಂಟು

ಅಳತೆಗಳೆಲ್ಲ ಪಾಸಾದರೆ ಬೋರ್ಡನ್ನು ಒಣ ರಟ್ಟಿನ ಡಬ್ಬಿಯ ಮೇಲೆ ಇಡಿ. ಅದು ಬಂದಿದ್ದ ಬೂದು ಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲದ ಮೇಲೆ ಇಡಬಾರದು, ಆ ಚೀಲದ ಹೊರಮೈ ಸ್ವಲ್ಪ ಕರೆಂಟು ಹರಿಸುತ್ತದೆ. ಪ್ರೊಸೆಸರ್ ಇಲ್ಲ, ರ‍್ಯಾಮ್ ಇಲ್ಲ, ಡ್ರೈವ್ ಇಲ್ಲ. ಹೊಸ ಬಟನ್ ಸೆಲ್ ಮಾತ್ರ ಹಾಕಿ, ಒದ್ದೆಯಾದ ಹಳೆಯದು ಬೇಡ. ಮೊದಲು 24 ಪಿನ್ ಕೇಬಲ್ ಒಂದನ್ನೇ ಜೋಡಿಸಿ. ಕೈ ಸ್ವಿಚ್ಚಿನ ಮೇಲಿರಲಿ, ಆನ್ ಮಾಡಿ ಹತ್ತು ಸೆಕೆಂಡು. ಮೂಗು ಮೀಟರಿಗಿಂತ ಮೊದಲು ಹೇಳುತ್ತದೆ. ಸುಟ್ಟ ವಾಸನೆ, ಟಿಕ್‌ಟಿಕ್ ಸದ್ದು, ಯಾವುದಾದರೂ ಬಂದರೆ ತಕ್ಷಣ ಆರಿಸಿ. ಏನೂ ಇಲ್ಲದಿದ್ದರೆ ಆರಿಸಿಯೇ ಬೆರಳಿನ ಹಿಂಬದಿಯಿಂದ ಚಿಪ್ಪುಗಳ ಮೇಲೆ ಸವರಿ ನೋಡಿ. ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ಚಿಪ್‌ಸೆಟ್ ತುಸು ಬೆಚ್ಚಗಾಗಬಹುದು, ಬೆರಳು ಇಡಲಾಗದಷ್ಟು ಯಾವುದೂ ಬಿಸಿಯಾಗಬಾರದು. ಮತ್ತೆ ಆನ್ ಮಾಡಿ 9ನೆಯ ಪಿನ್ನಿನಲ್ಲಿ 4.75ರಿಂದ 5.25 ಇದೆಯೇ ನೋಡಿ. 4 ವೋಲ್ಟಿಗೆ ಕುಸಿದಿದ್ದರೆ ಬೋರ್ಡು ಅಲ್ಲಿ ಅತಿಯಾಗಿ ಎಳೆಯುತ್ತಿದೆ.

ಈಗ 8 ಪಿನ್ ಕೇಬಲ್ ಜೋಡಿಸಿ, ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಪ್ರೊಸೆಸರ್ ಇಲ್ಲದೆ ಕೆಲವು ಬೋರ್ಡುಗಳು ಫ್ಯಾನ್ ತಿರುಗಿಸುತ್ತವೆ, ಕೆಲವು ಕದಲುವುದೇ ಇಲ್ಲ, ಎರಡೂ ತಪ್ಪಲ್ಲ. ನೋಡಬೇಕಾದ್ದು ಸಾಕೆಟ್ ಪಕ್ಕದ ಕಾಯಿಲುಗಳಲ್ಲಿ ಎಷ್ಟು ವೋಲ್ಟ್ ಇದೆ ಎಂದು. ಸೊನ್ನೆ ಬರಬಹುದು, 1 ವೋಲ್ಟಿನ ಆಸುಪಾಸು ಬರಬಹುದು. 12 ಬಂದರೆ ಆ ಬೋರ್ಡಿನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಈ ಅಳತೆ ಮಾಡುವಾಗ ಪ್ರೋಬ್ ಜಾರಿ ಎರಡು ಪಿನ್ ಸೇರಿಸಿಬಿಟ್ಟರೆ ನೀರು ಮಾಡದ್ದನ್ನು ನೀವು ಮಾಡಿದಂತೆ. ಪ್ರೋಬಿನ ತುದಿ ಎರಡು ಮಿಲಿಮೀಟರ್ ಮಾತ್ರ ಹೊರಗಿರುವಂತೆ ಹೀಟ್‌ಶ್ರಿಂಕ್ ಕೊಳವೆ ಹಾಕಿಕೊಳ್ಳಿ, ಕಪ್ಪು ಪ್ರೋಬನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಕಚ್ಚಿಸಿ, ಒಂದೇ ಕೈ ಕೆಲಸ ಮಾಡಲಿ.

ಇಷ್ಟಾದ ಮೇಲೆ ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್. ಆ ಸಾಕೆಟ್ಟಿಗೆ ಒಪ್ಪುವ ಅತಿ ಅಗ್ಗದ ಪ್ರೊಸೆಸರ್ ಸಿಕ್ಕರೆ ಅದು ಮೊದಲು. ನಾಲ್ಕು ಸ್ಲಾಟುಗಳಿದ್ದರೆ ರ‍್ಯಾಮ್ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ. ಬಯೋಸ್ ತೆರೆ ಬಂದರೆ ಕೂಡಲೇ ವಿಂಡೋಸ್ ಹಾಕಲು ಓಡಬೇಡಿ. ಬಯೋಸಿನಲ್ಲೇ ಅರ್ಧ ಗಂಟೆ ಬಿಟ್ಟು ವೋಲ್ಟೇಜು, ತಾಪ ನೋಡುತ್ತಿರಿ. ಆಮೇಲೆ ಪ್ರತಿ ಯುಎಸ್‌ಬಿ ಪೋರ್ಟಿಗೂ ಅಗ್ಗದ ಪೆನ್‌ಡ್ರೈವ್ ಹಾಕಿ ನೋಡಿ, ಫೋನ್ ಚುಚ್ಚಬೇಡಿ.

ಉಳಿದ ಭಾಗಗಳು

ರ‍್ಯಾಮ್ ಸುಲಭ. ಚಿನ್ನದ ಹಲ್ಲುಗಳನ್ನು ಐಪಿಎ ಹಾಕಿದ ನುಣುಪು ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರ್ ಉಜ್ಜುವ ರೂಢಿ ಇದೆ, ಅದು ಚಿನ್ನದ ತೆಳು ಲೇಪವನ್ನೇ ಸವೆಸುತ್ತದೆ. ಡಿಡಿಆರ್5 ಆದರೆ ಮಾಡ್ಯೂಲಿನ ಮೇಲೆಯೇ ಒಂದು ಪವರ್ ಚಿಪ್ ಇದೆ, ಡೆಸ್ಕ್‌ಟಾಪ್ ಮಾಡ್ಯೂಲುಗಳಲ್ಲಿ ಅದಕ್ಕೆ 5 ವೋಲ್ಟ್ ಬಂದು 1.1 ಆಗಿ ಹೊರಡುತ್ತದೆ, ಮಧ್ಯದಲ್ಲಿರುವ ಆ ಚಿಪ್ಪಿನ ಸುತ್ತ ಕಲೆ ಇದೆಯೇ ನೋಡಿ. ಒಂದೊಂದನ್ನೇ ಹಾಕಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಮನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಮತ್ತೊಮ್ಮೆ ತೊಳೆದು ನೋಡಿ, ಮತ್ತೆ ಬಂದರೆ ಬಿಟ್ಟುಬಿಡಿ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಹೀಟ್‌ಸಿಂಕ್ ತೆಗೆಯದೆ ಪರೀಕ್ಷೆ ಎಂದರೆ ಕಣ್ಣುಮುಚ್ಚಾಲೆ. ತೆಗೆಯುವ ಮೊದಲು ಹೊಸ ಥರ್ಮಲ್ ಪ್ಯಾಡ್ ಸರಿಯಾದ ದಪ್ಪದ್ದು ಕೈಯಲ್ಲಿರಲಿ. ಅಳೆಯಬೇಕಾದ್ದು ಸ್ಲಾಟಿಗೆ ಕೂರುವ ಅಂಚಿನ ಮೊದಲ ಪಿನ್ನುಗಳು: ಒಂದು ಬದಿಯ 1, 2, 3, ಇನ್ನೊಂದು ಬದಿಯ 2, 3 ಇವು 12 ವೋಲ್ಟ್. ಮೇಲಿನ ಪವರ್ ಸಾಕೆಟ್ಟನ್ನೂ ಬೇರೆಯಾಗಿ ಅಳೆಯಿರಿ. ಇಲ್ಲಿಯೂ ನೂರಾರು ಓಮ್ ನಿರೀಕ್ಷೆ. ಮುಖ್ಯ ಚಿಪ್ಪಿನ ಕಾಯಿಲುಗಳಲ್ಲಿ 0.3 ಓಮ್ ಬಂದರೂ ದೊಡ್ಡ ಕಾರ್ಡುಗಳಿಗೆ ಅದು ಸಹಜವೇ, ಮೆಮೊರಿಯ ಕಾಯಿಲಿನಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು ಬರುತ್ತದೆ.

ಶಾರ್ಟ್ ಎಲ್ಲಿದೆ ಎಂದು ಹುಡುಕುವ ಹುಮ್ಮಸ್ಸು ಇದ್ದವರಿಗೆ ಕರೆಂಟು ಮಿತಿ ಹಾಕಬಹುದಾದ ಬೆಂಚ್ ಸಪ್ಲೈ ಬೇಕು. 1 ವೋಲ್ಟ್, 1 ಆಂಪಿಯರಿನಿಂದ ಶುರುಮಾಡಿ ಶಾರ್ಟ್ ಆದ ಸಾಲಿಗೆ ಕೊಡಿ, ಮೇಲೆ ಐಪಿಎ ತೆಳ್ಳಗೆ ಹಚ್ಚಿ. ಎಲ್ಲಿ ಮೊದಲು ಆರುತ್ತದೆಯೋ ಆ ಭಾಗವೇ ಬಿಸಿಯಾಗುತ್ತಿರುವುದು. ಆ ಸಾಲಿನ ಸ್ವಂತ ವೋಲ್ಟೇಜಿಗಿಂತ ಒಂದಿಷ್ಟೂ ಹೆಚ್ಚು ಕೊಡುವಂತಿಲ್ಲ.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಮೊದಲು ಒಂದು ಪ್ರಶ್ನೆ: ಒಳಗಿನ ಫೈಲುಗಳು ಬೇಕೇ? ಬೇಕೇ ಬೇಕು ಎಂದಾದರೆ ಮತ್ತು ದ್ರವ ಅದರ ಉಸಿರಾಟದ ತೂತಿನ ಹತ್ತಿರ ಹೋಗಿದ್ದರೆ ಅದಕ್ಕೆ ಕರೆಂಟೇ ಕೊಡಬೇಡಿ. ತಟ್ಟೆಗೂ ಹೆಡ್ಡಿಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್, ಒಣಗಿದ ಒಂದು ಹನಿಯ ಕಲೆ ಅಲ್ಲಿ ಬಂಡೆಯಂತೆ. ಪೂರ್ತಿ ಮುಳುಗಿದ್ದ ಡಿಸ್ಕನ್ನು ಒಣಗಿಸದೆ, ಒದ್ದೆ ಬಟ್ಟೆ ಸುತ್ತಿ ಗಾಳಿಯಾಡದ ಚೀಲದಲ್ಲಿಟ್ಟು ಡೇಟಾ ರಿಕವರಿ ಮಾಡುವವರಿಗೆ ಒಯ್ಯಬೇಕು. ಕೆಳಗಿನ ಹಸಿರು ಬೋರ್ಡಿಗೆ ಮಾತ್ರ ತಾಗಿದ್ದರೆ ಟಾರ್ಕ್ಸ್ ಸ್ಕ್ರೂ ಬಿಚ್ಚಿ ಬೋರ್ಡನ್ನೂ ಅದರ ಸಂಪರ್ಕದ ಚುಕ್ಕೆಗಳನ್ನೂ ಐಪಿಎಯಿಂದ ಒರೆಸಬಹುದು. ಅದೇ ಮಾಡೆಲಿನ ಬೇರೆ ಡಿಸ್ಕಿನ ಬೋರ್ಡು ತಂದು ಹಾಕಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಪ್ರತಿ ಡಿಸ್ಕಿನ ಹೊಂದಾಣಿಕೆಯ ವಿವರ ಅದರ ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲದ್ದರಿಂದ ತೊಳೆದು ಒಣಗಿಸಿದರೆ ಬದುಕುವುದು ಹೆಚ್ಚು. ಎರಡರಲ್ಲಿ ಯಾವುದೇ ಆಗಲಿ, ಹಳೆಯ ಕಂಪ್ಯೂಟರಿಗೆ ಜೋಡಿಸಿ ಕಂಡ ಕೂಡಲೇ ನಕಲು ತೆಗೆಯಿರಿ, ವೇಗದ ಪರೀಕ್ಷೆ ಆಮೇಲೆ. ಸಾಟಾ ಡ್ರೈವಾದರೆ ಸ್ಮಾರ್ಟ್ ಪಟ್ಟಿಯಲ್ಲಿ (ಡ್ರೈವ್ ತನ್ನ ಆರೋಗ್ಯದ ಲೆಕ್ಕ ಇಡುವ ಪಟ್ಟಿ) 199ನೆಯ ಸಾಲು ಏರುತ್ತಿದ್ದರೆ ಡ್ರೈವಿಗಿಂತ ಕನೆಕ್ಟರಿನ ಕಿಲುಬಿನ ಮೇಲೆ ಅನುಮಾನ ಇಡಿ, 5 ಮತ್ತು 197 ಏರಿದರೆ ಡ್ರೈವೇ ಹೋಗುತ್ತಿದೆ.

ಲ್ಯಾಪ್‌ಟಾಪಿನಲ್ಲಿ ಪ್ಲಗ್ ಕಿತ್ತರೂ ಬ್ಯಾಟರಿ ಒಳಗೇ ಇದೆ, ವ್ಯತ್ಯಾಸ ಅದೇ. ತಲೆಕೆಳಗಾದ ‘ವಿ’ ಆಕಾರದಲ್ಲಿ ನಿಲ್ಲಿಸಿ, ತಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ, ಸಿಹಿ ವಾಸನೆ ಬಂದರೆ, ಸುಮ್ಮನಿದ್ದರೂ ಬೆಚ್ಚಗಿದ್ದರೆ ಅದನ್ನು ಪರೀಕ್ಷಿಸುವ ಮಾತೇ ಇಲ್ಲ. ಮನೆಯ ಹೊರಗೆ ಸಿಮೆಂಟು ನೆಲದ ಮೇಲಿಟ್ಟು, ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯದವರಿಗೆ ಕೊಡಿ. ತೊಳೆದು ಒಣಗಿಸಿದ ಬೋರ್ಡಿಗೆ ಮೊದಲ ಕರೆಂಟು ಬ್ಯಾಟರಿಯಿಂದ ಬೇಡ, ಅಡಾಪ್ಟರಿನಿಂದ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆಯೂ ಓಡುತ್ತವೆ, ಅಡಾಪ್ಟರಿಗೆ ಕರೆಂಟಿನ ಮಿತಿ ಇದೆ, ಬ್ಯಾಟರಿ ಶಾರ್ಟಿಗೆ ಅದಕ್ಕಿಂತ ಬಹಳ ಹೆಚ್ಚು ಕೊಟ್ಟುಬಿಡಬಲ್ಲದು. ಯುಎಸ್‌ಬಿ-ಸಿ ಚಾರ್ಜರ್ ಆದರೆ ನಡುವೆ ಒಂದು ಯುಎಸ್‌ಬಿ ಮೀಟರ್ ಹಾಕಿ. 5 ವೋಲ್ಟಿನಲ್ಲೇ ನಿಂತಿದ್ದರೆ ಚಾರ್ಜರಿಗೂ ಬೋರ್ಡಿಗೂ ಮಾತುಕತೆ ಆಗಿಲ್ಲ, ಪೋರ್ಟು ಅಥವಾ ಅದರ ಹಿಂದಿನ ಚಿಪ್ ನೋಡಿ. 20ಕ್ಕೆ ಏರಿ ತುಸು ಕರೆಂಟು ಎಳೆದರೆ ಮೊದಲ ಮೆಟ್ಟಿಲು ದಾಟಿತು. ಪರದೆಯ ಕೇಬಲನ್ನು ಮೊದಲ ಸಲ ಜೋಡಿಸಬೇಡಿ, ಹೊರಗಿನ ಮಾನಿಟರ್ ಹಾಕಿ ನೋಡಿ. ಬ್ಯಾಕ್‌ಲೈಟಿನ ಪಿನ್ನಿನಲ್ಲಿ 20ರಿಂದ 50 ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಸೂಕ್ಷ್ಮವಾದ ಡೇಟಾ ಪಿನ್ನುಗಳು. ನಡುವೆ ಒಂದು ಚೂರು ಕೊಳೆ ಉಳಿದಿದ್ದರೂ ಪರದೆಯೂ ಹೋಗುತ್ತದೆ, ಕೆಲವೊಮ್ಮೆ ಪ್ರೊಸೆಸರೂ.

ಕೀಬೋರ್ಡ್, ಮೌಸ್‌ಗೆ ಇಷ್ಟೆಲ್ಲ ಬೇಡ. ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಮೂರು ದಿನ ಒಣಗಿಸಿ, ಹಳೆಯ ಕಂಪ್ಯೂಟರಿಗೆ ಚುಚ್ಚಿ ನೋಡಿ. ಮಾನಿಟರನ್ನು ಮಾತ್ರ ಪವರ್ ಸಪ್ಲೈ ಎಂದೇ ಎಣಿಸಿ, ಹೊರಗೆ ಅಡಾಪ್ಟರ್ ಇಲ್ಲದ ಮಾನಿಟರಿನೊಳಗೂ ನೇರವಾಗಿ ಬರುವ ಎಸಿ ಇದೆ.

ಎಲ್ಲ ಸರಿಯಾಗಿ ಓಡಿದರೂ ಎರಡು ವಾರದ ನಂತರ ಒಮ್ಮೆ, ಆರು ವಾರದ ನಂತರ ಇನ್ನೊಮ್ಮೆ ಬಿಚ್ಚಿ, ಮೊದಲ ದಿನ ತೆಗೆದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಆ ಜಾಗಗಳನ್ನೇ ಭೂತಗನ್ನಡಿಯಲ್ಲಿ ನೋಡಿ. ಅಲ್ಲಿಯವರೆಗೆ ದಿನವೂ ಬ್ಯಾಕಪ್ ಆಗುತ್ತಿರಲಿ, ಯಂತ್ರವನ್ನು ರಾತ್ರಿಯಿಡೀ ಯಾರೂ ಇಲ್ಲದ ಕೋಣೆಯಲ್ಲಿ ಓಡಲು ಬಿಡಬೇಡಿ. ಯಾವುದಾದರೂ ಚಿಪ್ಪಿನ ಕಾಲಿನಲ್ಲಿ ಹೊಸದಾಗಿ ಹಸಿರು ಕಂಡರೆ ಸೆಲ್ ತೆಗೆದು ಡಿಸ್ಟಿಲ್ಡ್ ವಾಟರಿನಿಂದ ಮತ್ತೆ ಶುರು.